ಪಟ್ನಾದ ವಿಧವೆ ಹೂಡಿದ ಮೊಕದ್ದಮೆ

1776ರ ಡಿಸೆಂಬರ್‌ನಲ್ಲಿ ಪಟ್ನಾ ನಗರದಲ್ಲಿ ಶಹಬಾಜ್ ಬೇಗ್ ಖಾನ್ ಎಂಬ ನಿವೃತ್ತ ಸೈನಿಕ ತೀರಿಕೊಂಡ. ಆತ ಕಾಬೂಲ್ ಕಡೆಯವನು. ಹೊಟ್ಟೆಪಾಡಿಗಾಗಿ ಹಿಂದುಸ್ತಾನಕ್ಕೆ ಬಂದು, ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿ ದುಡಿದು, ಕೈತುಂಬ ಆಸ್ತಿ ಮಾಡಿಕೊಂಡು ಪಟ್ನಾದಲ್ಲಿ ನೆಲೆಸಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು. ಒಬ್ಬಳು ಹೆಂಡತಿ ನಾದಿರಾ ಬೇಗಂ, ಮತ್ತೊಬ್ಬ ಕಾಬೂಲಿನಿಂದ ಕರೆಸಿಕೊಂಡಿದ್ದ ಅಣ್ಣತಮ್ಮಂದಿರ ಮಗ ಬಹಾದ್ದೂರ್ ಬೇಗ್.

ಮುಂದೆ ಏನಾಯಿತು ಎಂಬುದನ್ನು ಊಹಿಸಲು ಪಟ್ನಾಕ್ಕೆ ಹೋಗಬೇಕಾಗಿಲ್ಲ. ದಾಯಾದಿ ಕಲಹ ಕಾಣದ ಊರು ನಮ್ಮಲ್ಲಿ ಯಾವುದಿದೆ? ಆದರೆ ಈ ಮನೆಯ ಜಗಳ ಅಲ್ಲಿಗೇ ನಿಲ್ಲಲಿಲ್ಲ. ಪಟ್ನಾದಿಂದ ಕಲ್ಕತ್ತೆಗೆ, ಕಲ್ಕತ್ತೆಯಿಂದ ಲಂಡನ್ನಿಗೆ ಹೋಯಿತು. ಒಬ್ಬ ಖಾಜಿಯ ಪ್ರಾಣ ತೆಗೆಯಿತು. ಬ್ರಿಟಿಷ್ ಸಂಸತ್ತು ಒಂದು ಕಾಯಿದೆಯನ್ನೇ ಮಾಡುವಂತಾಯಿತು. ಮುಖ್ಯ ನ್ಯಾಯಾಧೀಶನೊಬ್ಬ ಅದೇ ಸಂಸತ್ತಿನೆದುರು ಆಪಾದಿತನಾಗಿ ನಿಲ್ಲಬೇಕಾಯಿತು. ಇಷ್ಟಾದರೂ ಆಸ್ತಿ ನಿಜವಾಗಿ ಯಾರದು ಎಂಬ ಮೊದಲ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆಯೇ ಉಳಿಯಿತು. ಭಾರತದ ಕಾನೂನು ಇತಿಹಾಸದಲ್ಲಿ ಇದಕ್ಕೆ 'ಪಟ್ನಾ ಪ್ರಕರಣ' ಎಂದೇ ಹೆಸರು.

ಇಬ್ಬರ ವಾದ

ಬಹಾದ್ದೂರ್ ಬೇಗ್ ಕಾಯಲಿಲ್ಲ. 1777ರ ಜನವರಿ 2ರಂದು ಪಟ್ನಾದ ಪ್ರಾಂತೀಯ ಕೌನ್ಸಿಲ್ಲಿಗೆ ಅರ್ಜಿ ಕೊಟ್ಟ. ಚಿಕ್ಕಪ್ಪ ತನ್ನನ್ನು ಮಗನಂತೆ ಸಾಕಿಕೊಂಡಿದ್ದ, ಆಸ್ತಿಯನ್ನು ತನಗೇ ಕೊಡುವ ಮನಸ್ಸು ಅವನಿಗಿತ್ತು, ಈಗ ವಿಧವೆ ಸೊತ್ತನ್ನು ಸಾಗಿಸುತ್ತಿದ್ದಾಳೆ, ಅದನ್ನು ತಡೆದು ತನಗೆ ಹಕ್ಕು ಕೊಡಿಸಬೇಕು ಎಂಬುದು ಅವನ ಮೊರೆ.

ನಾದಿರಾ ಬೇಗಂ ಕೈಯಲ್ಲಿ ಕಾಗದಪತ್ರಗಳಿದ್ದವು. ಮೆಹರ್ ಪತ್ರವಿತ್ತು, ಗಂಡ ತನ್ನ ಆಸ್ತಿಯನ್ನು ಆಕೆಗೆ ದಾನ ಮಾಡಿದ್ದಾಗಿ ಹೇಳುವ ಹಿಬಾನಾಮೆ ಇತ್ತು. ಇವು ನಿಜವಾದರೆ ಪಾಲಿನ ಮಾತೇ ಇಲ್ಲ, ಬಹುಪಾಲು ಆಸ್ತಿ ಆಕೆಯದೇ. ಸುಳ್ಳಾದರೆ ಮಾತ್ರ ಉತ್ತರಾಧಿಕಾರದ ಲೆಕ್ಕ.

ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಸುನ್ನಿ ಮುಸ್ಲಿಮರ ಹನಫಿ ಪದ್ಧತಿಯಂತೆ ಸತ್ತವನ ಆಸ್ತಿಯಿಂದ ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸಾಲ ತೀರಬೇಕು. ಹೆಂಡತಿಗೆ ಕೊಡದೆ ಉಳಿದ ಮೆಹರ್ ಕೂಡ ಸಾಲವೇ. ಉಯಿಲು ಬರೆದಿದ್ದರೆ ಉಳಿದುದರಲ್ಲಿ ಮೂರನೇ ಒಂದು ಭಾಗದವರೆಗೆ ನಡೆಯುತ್ತದೆ. ಮಿಕ್ಕದ್ದು ವಾರಸುದಾರರಿಗೆ. ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೇ ಒಂದು. ಉಳಿದ ಮುಕ್ಕಾಲು ಪಾಲು ತಂದೆಯ ಕಡೆಯ ಹತ್ತಿರದ ಗಂಡುಸಂಬಂಧಿಗೆ. ದತ್ತು ಮಗನಿಗೆ ಇಲ್ಲಿ ಸ್ಥಾನವಿಲ್ಲ. ಪ್ರೀತಿಯಿಂದ ಎಷ್ಟು ಸಾಕಿದರೂ ಸಾಕುಮಗ ವಾರಸುದಾರನಾಗುವುದಿಲ್ಲ. ಸತ್ತವನ ಸಹೋದರ ಬದುಕಿರುವಾಗ ಆ ಸಹೋದರನ ಮಗನಿಗೂ ಪಾಲಿಲ್ಲ. ಅಂದರೆ ಅರ್ಜಿ ಕೊಟ್ಟ ಬಹಾದ್ದೂರ್ ಬೇಗನಿಗೆ ಶಾಸ್ತ್ರದ ಪ್ರಕಾರ ಸ್ವಂತಕ್ಕೆ ಸಿಗಬೇಕಾದದ್ದು ಏನೂ ಇರಲಿಲ್ಲ. ಹಕ್ಕು ಏನಿದ್ದರೂ ದೂರದ ಕಾಬೂಲಿನಲ್ಲಿದ್ದ ಅವನ ತಂದೆಯದು.

ಖಾಜಿಯ ವರದಿ

ಆಗಿನ ಪಟ್ನಾ ಯಾರ ಆಳ್ವಿಕೆಯಲ್ಲಿತ್ತು ಎಂದು ಕೇಳಿದರೆ ನೇರ ಉತ್ತರ ಸಿಗುತ್ತಿರಲಿಲ್ಲ. 1765ರಲ್ಲಿ ಮೊಗಲ್ ಬಾದಶಹನಿಂದ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ಪಡೆದ ಕಂಪೆನಿ ಕಂದಾಯ ಎತ್ತುವ ಅಧಿಕಾರದ ಜೊತೆಗೆ ಸಿವಿಲ್ ನ್ಯಾಯದಾನವನ್ನೂ ಕೈಗೆ ತೆಗೆದುಕೊಂಡಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಒಂದು ಯೋಜನೆ ರೂಪಿಸಿದ. ಮದುವೆ, ಉತ್ತರಾಧಿಕಾರ, ಜಾತಿ ಮುಂತಾದ ವಿಷಯಗಳಲ್ಲಿ ಮುಸ್ಲಿಮರಿಗೆ ಕುರಾನಿನ ನಿಯಮ, ಹಿಂದೂಗಳಿಗೆ ಶಾಸ್ತ್ರದ ನಿಯಮ ಎಂಬುದು ಅದರ ತಿರುಳು. ವಾಸ್ತವ ಸಂಗತಿಯನ್ನು ಕಂಪೆನಿಯ ಇಂಗ್ಲಿಷ್ ಅಧಿಕಾರಿಗಳು ವಿಚಾರಿಸಬೇಕು, ಧರ್ಮಶಾಸ್ತ್ರ ಏನು ಹೇಳುತ್ತದೆ ಎಂಬುದನ್ನಷ್ಟೇ ಖಾಜಿ, ಮುಫ್ತಿ, ಪಂಡಿತರು ತಿಳಿಸಬೇಕು.

ಪಟ್ನಾ ಕೌನ್ಸಿಲ್ಲಿನ ಸಾಹೇಬರು ಮಾಡಿದ್ದು ಬೇರೆ. ಕಂದಾಯ ಎತ್ತುವ ಕೆಲಸದಲ್ಲೇ ಮುಳುಗಿದ್ದ ಅವರು ಪೂರ್ತಿ ಪ್ರಕರಣವನ್ನೇ ಖಾಜಿ ಸಾದಿ ಮತ್ತು ಇಬ್ಬರು ಮುಫ್ತಿಗಳಾದ ಬರಕತುಲ್ಲಾ, ಗುಲಾಂ ಮಖ್ದೂಂ ಅವರ ಕೈಗೆ ಒಪ್ಪಿಸಿಬಿಟ್ಟರು. ಮನೆಗೆ ಹೋಗಿ ಆಸ್ತಿಯ ಪಟ್ಟಿ ಮಾಡಿ, ಬೀಗ ಹಾಕಿ ಮೊಹರು ಮಾಡಿ, ಹಕ್ಕುದಾರರು ಯಾರೆಂದು ವಿಚಾರಿಸಿ, ಹಂಚಿಕೆ ಹೇಗೆಂದು ತಿಳಿಸಿ ಎಂದು ಆಜ್ಞೆಯಾಯಿತು.

ಜನವರಿ 20ಕ್ಕೆ ವರದಿ ಸಿದ್ಧ. ಕೇವಲ ಹದಿನೆಂಟು ದಿನ. ವಿಧವೆಯ ದಾನಪತ್ರ ಕೃತಕ ಎಂದು ಖಾಜಿ, ಮುಫ್ತಿಗಳು ಬರೆದರು. ಆಸ್ತಿಯನ್ನು ನಾಲ್ಕು ಪಾಲು ಮಾಡಿ ಒಂದನ್ನು ನಾದಿರಾ ಬೇಗಂಗೆ, ಮೂರನ್ನು ಕಾಬೂಲಿನಲ್ಲಿರುವ ತಂದೆಯ ಪರವಾಗಿ ಬಹಾದ್ದೂರ್ ಬೇಗನಿಗೆ ಕೊಡಬೇಕೆಂದರು. ಕೌನ್ಸಿಲ್ ಒಪ್ಪಿತು. ಸಾಕ್ಷಿಗಳಿಂದ ಪ್ರಮಾಣ ಮಾಡಿಸದೆ ಹೇಳಿಕೆ ಪಡೆದಿದ್ದರು ಎಂಬ ದೂರು ಮುಂದೆ ಕಲ್ಕತ್ತೆಯಲ್ಲಿ ದೊಡ್ಡದಾಯಿತು. ದಾನಪತ್ರವನ್ನು ಬದಿಗಿಟ್ಟರೆ ನಾಲ್ಕನೇ ಒಂದು ಪಾಲಿನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆಕ್ಷೇಪ ಇದ್ದದ್ದು ಆ ಲೆಕ್ಕಕ್ಕೆ ಬಂದ ದಾರಿಯ ಬಗ್ಗೆ.

ನಾದಿರಾ ಬೇಗಂ ಆ ಕಾಲು ಭಾಗವನ್ನು ಮುಟ್ಟಲಿಲ್ಲ. ಪತ್ರಗಳನ್ನು ಹಿಡಿದುಕೊಂಡು, ಮನೆಯ ದಾಸಿಯರೊಂದಿಗೆ ಹೊರಟು ಒಂದು ದರ್ಗಾದಲ್ಲಿ ಆಶ್ರಯ ಪಡೆದಳು. ಇಸ್ಲಾಮಿನ ವಿಧಿಯಂತೆ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಗಂಡನ ಮನೆಯಲ್ಲೇ ಇರಬೇಕು. ಆ ಅವಧಿಯಲ್ಲೇ ಆಕೆಯ ಮನೆಗೆ ಮೊಹರು ಬಿದ್ದಿತ್ತು. ಪತ್ರಗಳನ್ನೂ ದಾಸಿಯರನ್ನೂ ಒಪ್ಪಿಸುವಂತೆ ಮಾಡಲು ಸಿಪಾಯಿಗಳ ಕಾವಲು ಹಾಕಿದರು. ಜಗ್ಗಲಿಲ್ಲ. ಆಕೆಯ ಪತ್ರಗಳು ನಿಜವೋ ಸುಳ್ಳೋ, ಆ ಹಟ ಮಾತ್ರ ನಿಜವಾದದ್ದು.

ಕಲ್ಕತ್ತೆಯ ಬಾಗಿಲು

ಪಟ್ನಾ ಕೌನ್ಸಿಲ್ಲಿನ ತೀರ್ಪಿನ ಮೇಲೆ ಅಪೀಲು ಹೋಗಬೇಕಾದದ್ದು ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿಗೆ. ಹೆಸರು ದೊಡ್ಡದು, ಆದರೆ ಅಲ್ಲಿ ಕೂರಬೇಕಾದವರು ಗವರ್ನರ್ ಜನರಲ್ ಮತ್ತು ಅವನ ಕೌನ್ಸಿಲ್ಲಿನವರು. ರಾಜ್ಯಭಾರ ಮತ್ತು ಪರಸ್ಪರ ಕಚ್ಚಾಟಗಳ ನಡುವೆ ಅವರಿಗೆ ಅಪೀಲು ಕೇಳಲು ಪುರಸೊತ್ತು ಇರಲಿಲ್ಲ. ನಾದಿರಾ ಬೇಗಂಳ ಮೊರೆಯೂ ಅಲ್ಲಿ ವಿಚಾರಣೆಗೆ ಬರಲಿಲ್ಲ.

ಆಗ ಆಕೆ ಬೇರೆ ಬಾಗಿಲು ತಟ್ಟಿದಳು. 1773ರ ರೆಗ್ಯುಲೇಟಿಂಗ್ ಕಾಯಿದೆಯ ಪ್ರಕಾರ ಕಲ್ಕತ್ತೆಯಲ್ಲಿ ದೊರೆಯ ಹೆಸರಿನ ಸುಪ್ರೀಂ ಕೋರ್ಟ್ 1774ರಲ್ಲಿ ತೆರೆದಿತ್ತು. ಸರ್ ಎಲಿಜಾ ಇಂಪಿ ಮುಖ್ಯ ನ್ಯಾಯಾಧೀಶ. 1775ರಲ್ಲಿ ಮಹಾರಾಜ ನಂದಕುಮಾರನಿಗೆ ಕಾಗದ ತಿದ್ದಿದ ಆರೋಪದ ಮೇಲೆ ಗಲ್ಲು ಶಿಕ್ಷೆ ಕೊಟ್ಟ ನ್ಯಾಯಾಲಯ ಇದೇ. ಇಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್ ಕಾನೂನು, ಇಂಗ್ಲಿಷ್ ಭಾಷೆಯಲ್ಲಿ. ಬ್ರಿಟಿಷ್ ಪ್ರಜೆಗಳು ಮತ್ತು ಕಂಪೆನಿಯ ನೌಕರಿಯಲ್ಲಿ ಇರುವವರು ಇದರ ವ್ಯಾಪ್ತಿಗೆ ಬರುತ್ತಿದ್ದರು. ಆದರೆ 'ನೌಕರಿಯಲ್ಲಿ ಇರುವವರು' ಎಂದರೆ ಯಾರ‍್ಯಾರು ಎಂಬುದು ಅಸ್ಪಷ್ಟವಾಗಿತ್ತು. ಆ ಅಸ್ಪಷ್ಟತೆಯ ಸಂದಿಯಲ್ಲೇ ಈ ಮೊಕದ್ದಮೆ ಒಳನುಗ್ಗಿತು.

ಆಕೆ ಇಲ್ಲಿ ಆಸ್ತಿ ಕೇಳಲಿಲ್ಲ. ತನ್ನ ಮೇಲೆ ಹಲ್ಲೆಯಾಗಿದೆ, ತನ್ನನ್ನು ಅಕ್ರಮವಾಗಿ ಬಂಧಿಸಿ ಇಟ್ಟರು, ಮನೆ ಹೊಕ್ಕು ಸೊತ್ತು ಒಯ್ದರು ಎಂದು ಬಹಾದ್ದೂರ್ ಬೇಗ್, ಖಾಜಿ ಮತ್ತು ಮುಫ್ತಿಗಳ ಮೇಲೆ ದಾವೆ ಹೂಡಿ ಆರು ಲಕ್ಷ ರೂಪಾಯಿ ಪರಿಹಾರ ಕೇಳಿದಳು. ಮನೆಯ ಪಾಲಿನ ಜಗಳ ಹೀಗೆ ಇಂಗ್ಲಿಷ್ ಕಾನೂನಿನ ಅತಿಕ್ರಮಣದ ಮೊಕದ್ದಮೆಯಾಗಿ ರೂಪ ಬದಲಾಯಿಸಿತು. ಕೋರ್ಟಿನ ಜವಾನರು ಪಟ್ನಾಕ್ಕೆ ಬಂದು ಪ್ರತಿವಾದಿಗಳನ್ನು ಹಿಡಿದರು. ನಾಲ್ಕು ಲಕ್ಷ ರೂಪಾಯಿಯ ಜಾಮೀನು ಬೇಕೆಂದರು. ಕೊನೆಗೆ ಕೌನ್ಸಿಲ್ಲೇ ಮುಂದೆ ಬಂದು ಜಾಮೀನು ನಿಂತಿತು.

ತಮ್ಮ ಊರಿನ ಖಾಜಿಯನ್ನು, ತೀರ್ಪು ಕೊಟ್ಟ ಕಾರಣಕ್ಕಾಗಿ, ಕಳ್ಳನನ್ನು ಹಿಡಿದಂತೆ ಹಿಡಿದದ್ದು ಬಿಹಾರದ ಜನ ಅದುವರೆಗೆ ಕಾಣದ ದೃಶ್ಯ.

ತೀರ್ಪು ಬಂದದ್ದು 1779ರ ಫೆಬ್ರವರಿಯಲ್ಲಿ. ಬಹಾದ್ದೂರ್ ಬೇಗ್ ಕಂದಾಯದ ಇಜಾರೆದಾರ, ಆದ್ದರಿಂದ ಕಂಪೆನಿಯ ನೌಕರಿಯಲ್ಲಿ ಇದ್ದಂತೆಯೇ ಎಂದು ಕೋರ್ಟ್ ಹೇಳಿತು. ಈ ವ್ಯಾಖ್ಯೆ ಎಳೆದಾಡಿದ್ದು ಎಂದೇ ಹಲವರ ಅಭಿಪ್ರಾಯ. ಎರಡನೆಯ ಅಂಶ ಗಟ್ಟಿಯಾದದ್ದು. ವಿಚಾರಣೆಯ ಅಧಿಕಾರ ಕೊಟ್ಟಿದ್ದು ಕೌನ್ಸಿಲ್ಲಿಗೆ. ಒಪ್ಪಿಸಿಕೊಂಡ ಅಧಿಕಾರವನ್ನು ಒಪ್ಪಿಸಿಕೊಂಡವನು ಇನ್ನೊಬ್ಬನಿಗೆ ಒಪ್ಪಿಸುವಂತಿಲ್ಲ. ಆದ್ದರಿಂದ ಖಾಜಿ, ಮುಫ್ತಿಗಳು ಮಾಡಿದ್ದೆಲ್ಲ ಅಧಿಕಾರವಿಲ್ಲದೆ ಮಾಡಿದ್ದು, ಅವರು ಮನೆ ಹೊಕ್ಕ ಯಾರೋ ದಾರಿಹೋಕರಿಗೆ ಸಮ. ಪರಿಹಾರ ಮೂರು ಲಕ್ಷ ರೂಪಾಯಿ, ಮೇಲೆ ಒಂಬತ್ತು ಸಾವಿರ ದಾಟಿದ ಕೋರ್ಟ್ ಖರ್ಚು.

ತತ್ವ ಸರಿಯೇ. ಆದರೆ ತಪ್ಪು ಮಾಡಿದವರು ಯಾರು? ತಮ್ಮ ಕೆಲಸವನ್ನು ಕೈಕೆಳಗಿನವರ ತಲೆಗೆ ಕಟ್ಟಿದ್ದು ಕೌನ್ಸಿಲ್ಲಿನ ಸಾಹೇಬರು. ದಂಡ ಬಿದ್ದದ್ದು ಮೇಲಿನವರ ಆಜ್ಞೆ ಪಾಲಿಸಿದ ಮೌಲವಿಗಳ ಮೇಲೆ. ಮೂರು ಲಕ್ಷವನ್ನು ಅವರು ಏಳು ಜನ್ಮದಲ್ಲೂ ತೀರಿಸಲಾರರು. ಹಣ ಕಟ್ಟಲಾಗದ ಅವರನ್ನು ಗಂಗಾನದಿಯ ದಾರಿಯಲ್ಲಿ ಕಲ್ಕತ್ತೆಯ ಜೈಲಿಗೆ ಕರೆದೊಯ್ದರು. ಮುದುಕ ಖಾಜಿ ಸಾದಿ ದಾರಿಯಲ್ಲೇ ಸತ್ತ. ಉಳಿದ ಮೂವರು ಎರಡು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದರು. ಆಮೇಲೆ ನಾದಿರಾ ಬೇಗಂ ಕೌನ್ಸಿಲ್ಲಿನ ಸಾಹೇಬರ ಮೇಲೂ ದಾವೆ ಹೂಡಿ ಗೆದ್ದಳು. ಅವರಿಗೆ ಬಿದ್ದದ್ದು 15,000 ರೂಪಾಯಿ. ಅದನ್ನೂ ಕಂಪೆನಿಯೇ ಕಟ್ಟಿತು.

ಲಂಡನ್ನಿನಲ್ಲಿ

ಸುದ್ದಿ ಹರಡಿದಂತೆ ಬಿಹಾರ, ಬಂಗಾಳದಲ್ಲಿ ಕಂಪೆನಿಯ ಅದಾಲತ್ತುಗಳಲ್ಲಿ ಕೆಲಸ ಮಾಡುವವರಿಗೆ ದಿಗಿಲು ಹಿಡಿಯಿತು. ಇಂದು ತೀರ್ಪು ಹೇಳಿದರೆ ನಾಳೆ ಸೆರೆಮನೆಯೇ? ಕಂದಾಯ ಎತ್ತುವವನನ್ನೂ ಕೋರ್ಟ್ ಹಿಡಿಯುವುದಾದರೆ ಕಂಪೆನಿಯ ಬೊಕ್ಕಸದ ಗತಿ ಏನು? ಅಷ್ಟರಲ್ಲಿ ಕಾಶಿಜೋರಾ ಜಮೀನುದಾರನ ಪ್ರಕರಣದಲ್ಲಿ ಕೋರ್ಟಿನ ಶೆರೀಫನ ಜನರನ್ನು ಕಂಪೆನಿಯ ಸಿಪಾಯಿಗಳೇ ಹಿಡಿದರು. ಒಂದೇ ದೊರೆಯ ಎರಡು ಅಧಿಕಾರಗಳು ಬಹಿರಂಗವಾಗಿ ಕಾದಾಡಿದವು. ದೂರುಗಳು ಲಂಡನ್ ತಲುಪಿದವು.

ಫಲವಾಗಿ ಬಂದದ್ದು 1781ರ ಕಾಯಿದೆ. ಬಂಧಿತರಾಗಿದ್ದ ಪಟ್ನಾದ ಮೂವರ ಹೆಸರನ್ನೇ ಎತ್ತಿ ಅವರನ್ನು ಬಿಡಬೇಕು, ಹಣದ ಭದ್ರತೆ ಕಂಪೆನಿ ಸರ್ಕಾರದ್ದು, ಅವರು ದೊರೆಯ ಪ್ರಿವಿ ಕೌನ್ಸಿಲ್ಲಿಗೆ ಅಪೀಲು ಹೋಗಬಹುದು ಎಂದು ಕಾಯಿದೆ ಹೇಳಿತು. ಸಂಸತ್ತೊಂದು ಸಾವಿರಾರು ಮೈಲು ದೂರದ ಇಬ್ಬರು ಮುಫ್ತಿಗಳು ಮತ್ತು ಒಬ್ಬ ಇಜಾರೆದಾರನಿಗಾಗಿ ಕಲಮುಗಳನ್ನು ಬರೆದದ್ದು ಅಪರೂಪವೇ ಸರಿ.

ಅಪೀಲು ಪ್ರಿವಿ ಕೌನ್ಸಿಲ್ಲಿಗೆ ಹೋಯಿತು. 1789ರಲ್ಲಿ ವಜಾ ಆಯಿತು. ಸೋತು ವಜಾ ಆದದ್ದಲ್ಲ, ನಡೆಸುವವರಿಲ್ಲದೆ. ಶಹಬಾಜ್ ಬೇಗ್ ಸತ್ತು ಆಗ ಹನ್ನೆರಡು ವರ್ಷ ಕಳೆದಿತ್ತು.

ಈ ನಡುವೆ ಇಂಪಿಯನ್ನು ವಾಪಸು ಕರೆಸಿಕೊಂಡಿದ್ದರು. 1787ರ ಡಿಸೆಂಬರ್‌ನಲ್ಲಿ ಕಾಮನ್ಸ್ ಸಭೆಯಲ್ಲಿ ಸರ್ ಗಿಲ್ಬರ್ಟ್ ಎಲಿಯಟ್ ಅವನ ಮೇಲೆ ಆರು ಆಪಾದನೆ ತಂದ. ನಂದಕುಮಾರನ ಗಲ್ಲು ಒಂದು, ಪಟ್ನಾ ಪ್ರಕರಣ ಇನ್ನೊಂದು. ಇಂಪಿ ತಾನೇ ಸಭೆಯೆದುರು ನಿಂತು ವಾದಿಸಿದ. ನಂದಕುಮಾರನ ವಿಷಯದ ನಿರ್ಣಯ 1788ರ ಮೇ ತಿಂಗಳಲ್ಲಿ 55ಕ್ಕೆ 73 ಮತಗಳಿಂದ ಬಿದ್ದುಹೋಯಿತು. ಪಟ್ನಾದ ಆಪಾದನೆಯನ್ನು ಆಮೇಲೆ ಯಾರೂ ಮುಂದೊತ್ತಲಿಲ್ಲ.

ಆದರೆ ವಾದ ನಿಲ್ಲಲಿಲ್ಲ. 1841ರಲ್ಲಿ ಮೆಕಾಲೆ ಹೇಸ್ಟಿಂಗ್ಸ್ ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇಂಪಿಯ ಕೋರ್ಟನ್ನು ದೇಶಕ್ಕೆ ಬಡಿದ ಪೀಡೆಯಂತೆ ಚಿತ್ರಿಸಿದ. 1885ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ದಾಖಲೆಗಳನ್ನು ಮತ್ತೆ ಓದಿ ಇಂಪಿಯ ಪರ ನಿಂತ. ಇಬ್ಬರೂ ಭಾರತ ಸರ್ಕಾರದ ಕಾನೂನು ಸದಸ್ಯರಾಗಿದ್ದವರು. ದಂಡ ಸಂಹಿತೆಯ ಕರಡು ಒಬ್ಬನದು, 1872ರ ಸಾಕ್ಷ್ಯ ಕಾಯಿದೆ ಇನ್ನೊಬ್ಬನದು. 2024ರ ಜುಲೈ 1ರಂದು ಹೊಸ ಸಂಹಿತೆಗಳು ಬರುವವರೆಗೂ ನಮ್ಮ ಕೋರ್ಟುಗಳು ಈ ಇಬ್ಬರ ಬರಹವನ್ನೇ ತಿರುವಿಹಾಕುತ್ತಿದ್ದವು. ಇಂಪಿ ಒಳ್ಳೆಯವನೋ ಕೆಟ್ಟವನೋ ಎಂಬುದೇ ಈ ಪಂಡಿತರ ಜಗಳದ ವಿಷಯವಾಯಿತು. ವಿಧವೆ ಅದರಲ್ಲಿ ಒಂದು ನೆಪ ಮಾತ್ರ.

ಕಲ್ಯಾಣಕ್ಕೆ ಬಂದ ಎಳೆ

ಪಟ್ನಾದ ಜಗಳ ಬಿಟ್ಟುಹೋದ ಗುರುತುಗಳು ಈಗಲೂ ಕಾಣುತ್ತವೆ. ತೀರ್ಪು ಕೊಟ್ಟದ್ದಕ್ಕಾಗಿ ಅದಾಲತ್ತಿನ ನ್ಯಾಯಾಧೀಶರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ ಎಂದು 1781ರ ಕಾಯಿದೆ ಕಟ್ಟುಮಾಡಿತು. ನ್ಯಾಯಾಧಿಕಾರಿಗಳಿಗೆ ರಕ್ಷಣೆ ನೀಡುವ 1850ರ ಕಾಯಿದೆ ಅದೇ ಜಾಡಿನದು. ಕಂದಾಯದ ವಿಷಯ ಕೋರ್ಟಿನ ಕೈತಪ್ಪಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಕತ್ತೆಯ ಸುಪ್ರೀಂ ಕೋರ್ಟ್ ಕೂಡ ಉತ್ತರಾಧಿಕಾರದ ವಿಷಯದಲ್ಲಿ ಮುಸ್ಲಿಮರಿಗೆ ಅವರ ಕಾನೂನನ್ನು, ಹಿಂದೂಗಳಿಗೆ ಅವರ ಕಾನೂನನ್ನು ಅನುಸರಿಸಬೇಕು ಎಂದು ಸಂಸತ್ತೇ ಬರೆದುಕೊಟ್ಟಿತು. 'ವೈಯಕ್ತಿಕ ಕಾನೂನು' ಎಂದು ಇಂದು ನಾವು ಚರ್ಚಿಸುವ ಸಂಗತಿಗೆ ಶಾಸನದ ಬುನಾದಿ ಬಿದ್ದದ್ದು ಹೀಗೆ.

ಆದರೆ ಆ ಕಾನೂನನ್ನು ಇಂಗ್ಲಿಷ್ ನ್ಯಾಯಾಧೀಶ ತಿಳಿಯುವುದು ಹೇಗೆ? ಖಾಜಿ, ಪಂಡಿತರು ಹೇಳಿದ್ದನ್ನು ನಂಬಲು ಅವರಿಗೆ ಮನಸ್ಸಿರಲಿಲ್ಲ. ಪುಸ್ತಕವೇ ಬೇಕಿತ್ತು. 1783ರಲ್ಲಿ ಅದೇ ಕೋರ್ಟಿಗೆ ನ್ಯಾಯಾಧೀಶನಾಗಿ ಬಂದ ಸರ್ ವಿಲಿಯಂ ಜೋನ್ಸ್ ಮುಸ್ಲಿಂ ಉತ್ತರಾಧಿಕಾರದ 'ಸಿರಾಜಿಯಾ' ಗ್ರಂಥವನ್ನು 1792ರಲ್ಲಿ, ಮನುಸ್ಮೃತಿಯನ್ನು 1794ರಲ್ಲಿ ಇಂಗ್ಲಿಷಿಗೆ ತಂದ. 1810ರಲ್ಲಿ ಕೋಲ್‌ಬ್ರೂಕ್ 'ಮಿತಾಕ್ಷರ'ದ ದಾಯಭಾಗದ ಪ್ರಕರಣವನ್ನು ಕಲ್ಕತ್ತೆಯಲ್ಲಿ ಅನುವಾದಿಸಿ ಪ್ರಕಟಿಸಿದ.

ಮಿತಾಕ್ಷರ ಎಂದರೆ ನಮ್ಮ ನಾಡಿನದೇ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಬಂಗಾಳ, ಅಸ್ಸಾಮಿನ ಹೊರತು ಭಾರತದ ಬಹುತೇಕ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳಿಗೆ ಇದೇ ಆಧಾರಗ್ರಂಥವಾಯಿತು. ಪಟ್ನಾದ ವಿಧವೆಯ ಪ್ರಶ್ನೆ ವಿಜ್ಞಾನೇಶ್ವರನ ಮುಂದೆ ಬಂದಿದ್ದರೆ ಉತ್ತರ ಬೇರೆಯಾಗುತ್ತಿತ್ತು ಎಂಬುದು ಕುತೂಹಲದ ಸಂಗತಿ. ಅವಿಭಕ್ತ ಕುಟುಂಬದಲ್ಲಿ ಗಂಡ ಸತ್ತರೆ ಹೆಂಡತಿಗೆ ಜೀವನಾಂಶ ಮಾತ್ರ. ಆದರೆ ಬೇರೆಯಾಗಿ ಪಾಲು ಪಡೆದವನು ಮಕ್ಕಳಿಲ್ಲದೆ ಸತ್ತರೆ, ಸಹೋದರನಿಗಿಂತ ಮೊದಲು ಹಕ್ಕು ಹೆಂಡತಿಯದೇ ಎಂದು ಆತ ವಾದಿಸಿದ್ದಾನೆ.

ಗ್ರಂಥಗಳು ಇಂಗ್ಲಿಷಿಗೆ ಬಂದ ಮೇಲೆ ಖಾಜಿ, ಪಂಡಿತರ ಅಗತ್ಯ ಕಡಿಮೆಯಾಗುತ್ತ ಬಂತು. 1864ರಲ್ಲಿ ಕೋರ್ಟುಗಳಲ್ಲಿದ್ದ ಅವರ ಹುದ್ದೆಗಳನ್ನು ಕಾಯಿದೆ ಮೂಲಕವೇ ರದ್ದು ಮಾಡಿದರು. ಹಿಂದೂಗಳ ಉತ್ತರಾಧಿಕಾರದ ನಿಯಮ 1956ರ ಕಾಯಿದೆಯಿಂದ ಬದಲಾಯಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ಅದು ಇಡೀ ದೇಶಕ್ಕೆ ಅನ್ವಯವಾಯಿತು. ಮಕ್ಕಳಿಲ್ಲದ ಮುಸ್ಲಿಂ ವಿಧವೆಗೆ ಭಾರತದ ನ್ಯಾಯಾಲಯಗಳು ಇಂದಿಗೂ ಲೆಕ್ಕ ಹಾಕುವ ಪಾಲು, 1777ರ ಜನವರಿ 20ರಂದು ಖಾಜಿ ಸಾದಿ ಬರೆದ ಅದೇ ನಾಲ್ಕನೇ ಒಂದು.